ನೆತ್ತಿಯ ನೀರು, ತಾಯಿಯ ಮೇಲಿನ ದೂರು

ಎಣ್ಣೆ ಹಚ್ಚಿ ಎರೆಯುವ ಅಜ್ಜಿಗೆ ಕೂಸಿನ ನೆತ್ತಿಯೇ ಪಂಚಾಂಗ. ವಾಂತಿಭೇದಿ ಹತ್ತಿದ ಕೂಸಿನ ನೆತ್ತಿ ಕುಳಿಬಿದ್ದಿದ್ದರೆ ಮೈಯ ನೀರು ಇಂಗಿದೆ ಎಂದು ಅವಳಿಗೆ ಬೆರಳ ತುದಿಯಲ್ಲೇ ಗೊತ್ತಾಗುತ್ತದೆ. ಜ್ವರದಲ್ಲಿ ನೆತ್ತಿ ಉಬ್ಬಿ ಬಿಗಿದರೆ ಎಣ್ಣೆ ಬಟ್ಟಲು ಬದಿಗಿಟ್ಟು, “ಇದು ನನ್ನ ಕೈಯಾಗಿಂದಲ್ಲವ್ವ, ಮೊದಲು ದವಾಖಾನಿಗೆ ಒಯ್ಯಿರಿ” ಅನ್ನುತ್ತಾಳೆ. ಹೊಸಪೇಟೆ, ಕಂಪ್ಲಿ ಕಡೆಯ ಬಾಣಂತಿ ಮನೆಗಳಲ್ಲಿ ಈ ತಿಳಿವಳಿಕೆ ಇನ್ನೂ ಪೂರ್ತಿ ಅಳಿದಿಲ್ಲ. ಅಜ್ಜಿ ಮುಟ್ಟಿ ನೋಡುತ್ತಿರುವುದು ಚರ್ಮವನ್ನು ಎಂದು ನಮಗೆ ಕಾಣುತ್ತದೆ. ಅವಳ ಬೆರಳಿಗೆ ನಿಜವಾಗಿ ತಗಲುತ್ತಿರುವುದು ಅದರ ಕೆಳಗಿನ ನೀರಿನ ಒತ್ತಡ.

ವೈದ್ಯರ ಪುಸ್ತಕದಲ್ಲಿ ಆ ನೀರಿನ ಹೆಸರು ಮಿದುಳು-ಬಳ್ಳಿ ದ್ರವ. ಜನರ ಬಾಯಲ್ಲಿ ಅದು ಬೆನ್ನಿನ ನೀರು, ಏಕೆಂದರೆ ಮಿದುಳು ಜ್ವರದ ಶಂಕೆ ಬಂದಾಗ ಡಾಕ್ಟರು ಸೂಜಿ ಚುಚ್ಚಿ ಅದನ್ನು ತೆಗೆಯುವುದು ಸೊಂಟದ ಹತ್ತಿರ. ಬೆನ್ನಿನ ನೀರು ತೆಗೆಸಿದರೆ ಕಾಲು ಹೋಗುತ್ತವೆ ಎಂಬ ಹೆದರಿಕೆ ನಮ್ಮ ಕಡೆ ಗಟ್ಟಿಯಾಗಿ ಬೇರೂರಿದೆ. ಸೂಜಿ ಹೋಗುವ ಜಾಗಕ್ಕಿಂತ ಮೇಲೆಯೇ ಬೆನ್ನುಹುರಿ ಮುಗಿದಿರುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳದೆ ಸಹಿ ಮಾಡಿಸಿಕೊಂಡರೆ ಹೆದರಿಕೆ ಇನ್ನಷ್ಟು ಬಲಿಯುತ್ತದೆ.

ವಯಸ್ಕರ ತಲೆ ಮತ್ತು ಬೆನ್ನಿನಲ್ಲಿ ಯಾವ ಹೊತ್ತಿಗೂ ಸುಮಾರು 150 ಮಿಲಿಲೀಟರ್ ದ್ರವ ಇರುತ್ತದೆ. ದಿನಕ್ಕೆ ಹುಟ್ಟುವುದು ಸುಮಾರು ಅರ್ಧ ಲೀಟರ್. ಅಂದರೆ ದಿನಕ್ಕೆ ಮೂರು ನಾಲ್ಕು ಸಲ ಹಳೆಯ ನೀರು ಹೋಗಿ ಹೊಸ ನೀರು ತುಂಬುತ್ತದೆ. 1,400 ಗ್ರಾಂ ತೂಗುವ ಮಿದುಳು ಇದರಲ್ಲಿ ತೇಲುವುದರಿಂದ ತಲೆಬುರುಡೆಯ ತಳಕ್ಕೆ ಬೀಳುವ ಭಾರ 50 ಗ್ರಾಂನಷ್ಟು ಮಾತ್ರ. ಹಂಪಿಯ ಮಹಾನವಮಿ ದಿಬ್ಬದ ಬಳಿ ಕಲ್ಲುಗಂಬಗಳು ಹೊತ್ತು ನಿಂತ ಕಲ್ಲಿನ ದೋಣಿಗಾಲುವೆಯನ್ನು ನೋಡಿದವರಿಗೆ ಈ ನೀರು ಸಾಗುವ ಏರ್ಪಾಡು ತೀರ ಹೊಸದೆನಿಸದು. ಮಿದುಳಿನ ಒಳಗೆ ನಾಲ್ಕು ಕುಹರಗಳಿವೆ. ಮೂರನೆಯದರಿಂದ ನಾಲ್ಕನೆಯದಕ್ಕೆ ನೀರೊಯ್ಯುವ ದಾರಿಗೆ ಸಿಲ್ವಿಯಸ್ಸನ ಕಾಲುವೆ ಎಂದೇ ಹೆಸರು. ಒಂದೂವರೆ ಸೆಂಟಿಮೀಟರ್ ಉದ್ದ, ಒಂದೆರಡು ಮಿಲಿಮೀಟರ್ ಅಗಲ. ಅದು ಕಟ್ಟಿಕೊಂಡರೆ ಹಿಂದೆ ನೀರು ನಿಂತು ಕೂಸಿನ ತಲೆ ದಿನದಿನಕ್ಕೂ ದೊಡ್ಡದಾಗುತ್ತದೆ.

ಇಷ್ಟನ್ನು ವೈದ್ಯಕೀಯ ಬಹಳ ಹಿಂದಿನಿಂದ ಬಲ್ಲದು. ಈ ನೀರು ಮಿದುಳಿಗೆ ಮೆತ್ತೆ, ಅಷ್ಟೇ ಎಂದು ತಿಳಿದುಕೊಂಡಿದ್ದು ಮಾತ್ರ ತಪ್ಪಾಗಿತ್ತು. ಗರ್ಭ ಕಟ್ಟಿದ 28 ದಿನಗಳೊಳಗೆ ನರನಾಳ ಮುಚ್ಚಿಕೊಳ್ಳುತ್ತದೆ. ಮುಂದೆ ಮಿದುಳಾಗಲಿರುವ ಆ ಸಣ್ಣ ಕೊಳವೆಯ ಒಳಗೆ ಆಗಲೇ ದ್ರವ ತುಂಬಿರುತ್ತದೆ. 1977ರಲ್ಲಿ ಡೆಸ್ಮಂಡ್ ಮತ್ತು ಜೇಕಬ್ಸನ್ ಎಂಬ ಸಂಶೋಧಕರು ಕೋಳಿಮೊಟ್ಟೆಯ ಒಳಗಿನ ಭ್ರೂಣಕ್ಕೆ ಕೂದಲಿನಂಥ ನಳಿಕೆ ಹಾಕಿ ಆ ದ್ರವವನ್ನು ಹೊರಗೆ ಬಸಿದರು. ಮಿದುಳು ಬೆಳೆಯಬೇಕಾದಷ್ಟು ಬೆಳೆಯಲಿಲ್ಲ. 2011ರಲ್ಲಿ ಮರಿಯಾ ಲೆಹ್ಟಿನೆನ್, ಕ್ರಿಸ್ಟೋಫರ್ ವಾಲ್ಶ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಈ ದ್ರವದಲ್ಲಿ ಕರಗಿರುವ ಬೆಳವಣಿಗೆಯ ಅಂಶಗಳು ನರಕೋಶದ ಮೂಲಕೋಶಗಳಿಗೆ ‘ಇನ್ನೂ ಒಡೆ, ಇನ್ನೂ ಹೆಚ್ಚು’ ಎಂದು ಹೇಳುತ್ತವೆ, ಆ ಹೇಳಿಕೆ ಮಿದುಳಿನ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ ಎಂದು ತೋರಿಸಿದರು. ತುಂಗಭದ್ರೆಯ ಹೊಸ ನೀರು ಕೆಂಪಾಗಿ ಬಂದಾಗ ಕಂಪ್ಲಿಯ ಗದ್ದೆಯ ರೈತ ಖುಷಿಪಡುವುದು ನೀರಿಗಷ್ಟೇ ಅಲ್ಲ, ಅದು ಹೊತ್ತು ತರುವ ಮಣ್ಣಿಗೂ ಹೌದು. ಇಲ್ಲಿಯದೂ ಅದೇ ಕಥೆ.

ಒಂದು ಪಕ್ಕದ ಮಾತು. ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕೆಂಪು ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇದೆ. ಆದರೆ ಆ ಮಾತ್ರೆ ಶುರುವಾಗುವುದು ನಾಲ್ಕನೆಯ ತಿಂಗಳಿಗೆ. ನರನಾಳ ಮುಚ್ಚುವುದು ಮೊದಲ ತಿಂಗಳಲ್ಲಿ, ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದು ತಿಳಿಯುವ ಮೊದಲೇ. ಗರ್ಭಕ್ಕೆ ಮುಂಚಿನಿಂದ ಫೋಲಿಕ್ ಆಮ್ಲ ತೆಗೆದುಕೊಂಡರೆ ನರನಾಳದ ದೋಷ ಮರುಕಳಿಸುವುದು ಸುಮಾರು 72% ತಗ್ಗುತ್ತದೆ ಎಂದು 1991ರಲ್ಲೇ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆ ತೋರಿಸಿತ್ತು. ಬೆನ್ನಹುರಿ ತೆರೆದುಕೊಂಡು ಹುಟ್ಟುವ ಕೂಸುಗಳಲ್ಲಿ ಬಹುಪಾಲಿಗೆ ತಲೆಯಲ್ಲಿ ನೀರು ತುಂಬುತ್ತದೆ. ಫೋಲಿಕ್ ಆಮ್ಲ ಮದುವೆಯಾದ ಹೊಸದರಲ್ಲೇ ಕೊಡಬೇಕಾದ ಮಾತ್ರೆ. ಕಬ್ಬಿಣದ ಅದಿರು ಲಾರಿಗಟ್ಟಲೆ ಸಾಗುವ ಸಂಡೂರಿನಲ್ಲೂ ಅದನ್ನು ಯಾರಾದರೂ ನೆನಪಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಿದುಳಿನ ಸುತ್ತಲಿನ ಈ ನೀರಿನ ಮಾತು ಆಟಿಸಂ ಸಂಶೋಧನೆಯಲ್ಲೂ ಎದ್ದಿದೆ. ಈಗ ಅಲ್ಲಿಗೆ ಬರೋಣ. ಕನ್ನಡದಲ್ಲಿ ‘ಸ್ವಲೀನತೆ’ ಎಂದು ಬರೆಯುತ್ತಾರೆ. ತನ್ನೊಳಗೆ ತಾನೇ ಮುಳುಗಿರುವುದು ಎಂಬ ಆ ಅರ್ಥ ನನಗೆ ಸರಿ ಕಾಣುವುದಿಲ್ಲ. ಇಂಥ ಮಕ್ಕಳು ಫ್ಯಾನಿನ ಸುತ್ತುವಿಕೆಯನ್ನು, ಕುಕ್ಕರಿನ ಸೀಟಿಯನ್ನು, ಅಂಗಿಯ ಹಿಂದಿನ ಲೇಬಲ್ಲನ್ನು ನಮಗಿಂತ ಹೆಚ್ಚಾಗಿ ಅನುಭವಿಸುತ್ತಾರೆ. ಆಸ್ಪತ್ರೆಯಲ್ಲೂ ಮನೆಯಲ್ಲೂ ಆಟಿಸಂ ಎಂಬ ಮಾತೇ ನಡೆಯುವುದರಿಂದ ನಾನೂ ಅದನ್ನೇ ಬಳಸುತ್ತೇನೆ.

2013ರಲ್ಲಿ ಮಾರ್ಕ್ ಶೆನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ 55 ಕೂಸುಗಳ ಎಂಆರ್‌ಐ ಚಿತ್ರಗಳನ್ನು ನೋಡಿದರು. ಅವರಲ್ಲಿ 33 ಕೂಸುಗಳಿಗೆ ಆಟಿಸಂ ಇರುವ ಅಣ್ಣನೋ ಅಕ್ಕನೋ ಇದ್ದರು. ಮುಂದೆ ಯಾರಿಗೆ ಆಟಿಸಂ ಎಂದು ಗೊತ್ತಾಯಿತೋ ಅವರ ಆರರಿಂದ ಒಂಬತ್ತು ತಿಂಗಳ ಚಿತ್ರಗಳಲ್ಲಿ ಮಿದುಳಿನ ಮೇಲ್ಭಾಗವನ್ನು ಸುತ್ತಿಕೊಂಡ ದ್ರವ ಹೆಚ್ಚಾಗಿ ಕಂಡಿತು. 2017ರಲ್ಲಿ ಅದೇ ಪ್ರಶ್ನೆಯನ್ನು 343 ಕೂಸುಗಳಲ್ಲಿ ಕೇಳಿದರು. ಎರಡು ವರ್ಷಕ್ಕೆ ಆಟಿಸಂ ಎಂದು ಖಚಿತವಾದ 47 ಮಕ್ಕಳಲ್ಲಿ ಆರನೆಯ ತಿಂಗಳಿಗೇ ಈ ದ್ರವ 18% ಹೆಚ್ಚು. ಲಕ್ಷಣಗಳು ತೀವ್ರವಾಗಿದ್ದವರಲ್ಲಿ 24% ಹೆಚ್ಚು. 2018ರಲ್ಲಿ ಎರಡರಿಂದ ನಾಲ್ಕು ವರ್ಷದ 236 ಮಕ್ಕಳಲ್ಲಿ ನೋಡಿದಾಗಲೂ ಆಟಿಸಂ ಇದ್ದವರಲ್ಲಿ ಸುಮಾರು 15% ಹೆಚ್ಚು ಕಂಡಿತು, ಹೆಚ್ಚು ದ್ರವ ಇದ್ದ ಮಕ್ಕಳಿಗೆ ನಿದ್ದೆಯ ತೊಂದರೆಯೂ ಹೆಚ್ಚಿತ್ತು. ಮೂರು ಬೇರೆ ಬೇರೆ ಗುಂಪುಗಳಲ್ಲಿ ಒಂದೇ ದಿಕ್ಕಿನ ಫಲ. ಆಟಿಸಂ ಸಂಶೋಧನೆಯಲ್ಲಿ ಇದು ಅಪರೂಪ. ಒಂದು ವರ್ಷ ಪತ್ರಿಕೆಗಳಲ್ಲಿ ಮೆರೆದ ಎಷ್ಟೋ ಶೋಧಗಳು ಮರುವರ್ಷ ಹೇಳಹೆಸರಿಲ್ಲದೆ ಹೋಗಿವೆ.

ಹಾಗಾದರೆ ಆ ನೀರೇ ಆಟಿಸಂಗೆ ಕಾರಣವೆ? ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬೆಳೆದವರು ಈ ಪ್ರಶ್ನೆಗೆ ಇನ್ನೊಬ್ಬರ ನೆರವಿಲ್ಲದೆ ಉತ್ತರ ಹುಡುಕಬಲ್ಲರು. ಕಾಲುವೆಯ ಕೆಳಗಿನ ಹೊಲ ಜವುಳು ಹಿಡಿದಿದೆ ಎಂದಿಟ್ಟುಕೊಳ್ಳಿ. ಮೇಲಿನ ಹೊಲದವರು ತೂಬು ಹೆಚ್ಚು ಎತ್ತಿರಬಹುದು. ಬಸಿಗಾಲುವೆ ಹೂಳು, ಜೊಂಡು ತುಂಬಿ ಕಟ್ಟಿರಬಹುದು. ಹೊಲವೇ ತಗ್ಗಿನಲ್ಲಿರಬಹುದು. ನಿಂತ ನೀರನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಈ ಮೂರರಲ್ಲಿ ಯಾವುದು ಎಂದು ಅದು ಹೇಳುವುದಿಲ್ಲ. ಮಿದುಳಿನ ವಿಷಯದಲ್ಲೂ ಹಾಗೆಯೇ. ದ್ರವ ಹೆಚ್ಚು ಹುಟ್ಟುತ್ತಿರಬಹುದು. ಹುಟ್ಟಿದ್ದು ಸರಿಯಾಗಿ ಬಸಿಯದೆ ಉಳಿದಿರಬಹುದು. ತಲೆಬುರುಡೆಗೂ ಮಿದುಳಿಗೂ ಬೆಳವಣಿಗೆಯ ವೇಗದಲ್ಲಿ ತಾಳ ತಪ್ಪಿ ನಡುವೆ ಜಾಗ ಬಿದ್ದಿರಬಹುದು. ಆದರೆ ಆಟಿಸಂ ಬರಲಿರುವ ಎಷ್ಟೋ ಕೂಸುಗಳ ಮಿದುಳಿನ ಮೇಲ್ಮೈ ಆರರಿಂದ ಹನ್ನೆರಡು ತಿಂಗಳ ನಡುವೆ ವಾಡಿಕೆಗಿಂತ ಬೇಗ ಹಿಗ್ಗುತ್ತದೆ ಎಂದು 2017ರಲ್ಲಿ ಹೆದರ್ ಹ್ಯಾಜ್ಲೆಟ್ ಅವರ ತಂಡ ತೋರಿಸಿರುವುದರಿಂದ, ಮಿದುಳು ಸಣ್ಣದಾಗಿ ಜಾಗ ಉಳಿಯಿತು ಎನ್ನುವ ವಾದ ನಿಲ್ಲುವುದು ಕಷ್ಟ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಬಸಿಗಾಲುವೆಯ ಊಹೆ. ಮಿದುಳಿನಲ್ಲೂ ಬಸಿಗಾಲುವೆಗಳಿವೆ ಎಂದು ಜಗತ್ತಿಗೆ ಸರಿಯಾಗಿ ಗೊತ್ತಾದದ್ದೇ ಈಚೆಗೆ. ರಕ್ತನಾಳಗಳ ಪಕ್ಕದ ಸಂದುಗಳಲ್ಲಿ ಈ ದ್ರವ ಒಳಹೊಕ್ಕು ಕಸವನ್ನು ತೊಳೆದುಕೊಂಡು ಹೋಗುತ್ತದೆ ಎಂದು 2012ರಲ್ಲಿ ಮೈಕೆನ್ ನೆಡರ್‌ಗಾರ್ಡ್ ಅವರ ಪ್ರಯೋಗಶಾಲೆ ಹೇಳಿತು. ಆ ತೊಳೆತ ನಿದ್ದೆಯಲ್ಲಿ ಜೋರಾಗುತ್ತದೆ ಎಂದು ಮರುವರ್ಷ ಹೇಳಿತು. 2015ರಲ್ಲಿ ಮಿದುಳಿನ ಹೊದಿಕೆಯಲ್ಲಿ ದುಗ್ಧನಾಳಗಳು ಪತ್ತೆಯಾದವು. ಇಲಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಎಷ್ಟರಮಟ್ಟಿಗೆ ನಿಜ ಎಂಬ ಜಗಳ ವಿಜ್ಞಾನಿಗಳ ನಡುವೆ ಇನ್ನೂ ನಡೆದಿದೆ. ಆದರೂ ದ್ರವ ಹೆಚ್ಚು, ನಿದ್ದೆ ಕಡಿಮೆ ಎಂಬ ಜೋಡಿಯನ್ನು ಆಕಸ್ಮಿಕ ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪದು. ಬಸಿಯದ ನೀರಿನಲ್ಲಿ ಬೆಳವಣಿಗೆಯ ಅಂಶಗಳೂ ಕಸವೂ ಬೇಡವಾದ ಹೊತ್ತಿಗೆ ನಿಂತಿರುತ್ತವೆ. ಇದು ಊಹೆ. ಸಾಬೀತಾಗಿಲ್ಲ.

ಕಾರಣ ಗೊತ್ತಿಲ್ಲದೆ ಈ ಶೋಧದಿಂದ ನಮಗೇನು ಸಿಕ್ಕಿತು? ಸಿಕ್ಕಿದ್ದು ತಾರೀಖು. ಆರನೆಯ ತಿಂಗಳು.

ನಮ್ಮ ಬೀದಿಗಳಲ್ಲಿ ಎರಡೂವರೆ ವರ್ಷದ ಮಗು ಮಾತಾಡದಿದ್ದರೆ ಏನಾಗುತ್ತದೆ ಎಂದು ಎಲ್ಲರೂ ಬಲ್ಲರು. ಮೊದಲು ಸಮಾಧಾನ: “ಗಂಡು ಹುಡುಗ್ರು ತಡವಾಗೇ ಮಾತಾಡೋದು, ಸುಮ್ನಿರವ್ವ. ಅವರಪ್ಪನೂ ನಾಕು ವರ್ಷಕ್ಕೆ ಬಾಯಿ ಬಿಟ್ಟಿದ್ದು.” ಆಮೇಲೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು, ತಾಯತ, ಹುಲಿಗೆಮ್ಮನಿಗೆ ಹರಕೆ. ಇವುಗಳ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ, ಹೋದ ಕಾಲ ಮರಳಿ ಬಾರದು ಎಂಬುದೊಂದನ್ನು ಬಿಟ್ಟರೆ. ಮೂರನೆಯ ಹಂತ ಕೆಟ್ಟದ್ದು. ಅದು ತಾಯಿಯ ವಿಚಾರಣೆ. ಮೊಬೈಲ್ ಕೊಟ್ಟಳು, ಕೆಲಸಕ್ಕೆ ಹೋದಳು, ಬಸುರಿಯಲ್ಲಿ ಅತ್ತಳು, ಮಗುವಿನ ಜೊತೆ ಮಾತಾಡಲಿಲ್ಲ. ಓದಿದವರ ಮನೆಯಲ್ಲಿ ಇದರ ಜೊತೆಗೆ ಲಸಿಕೆಯ ಮೇಲಿನ ದೂರು ಬೇರೆ.

ಈ ದೂರಿಗೆ ಒಂದು ಚರಿತ್ರೆ ಇದೆ. 1943ರಲ್ಲಿ ಲಿಯೋ ಕ್ಯಾನರ್ ಅಮೆರಿಕದಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಪ್ರಬಂಧದಿಂದಲೇ ಆಟಿಸಂ ವೈದ್ಯಕೀಯದ ಕಣ್ಣಿಗೆ ಬಿದ್ದದ್ದು. ಆ ಪ್ರಬಂಧದಲ್ಲಿ ಎರಡು ಗಮನಿಕೆಗಳಿದ್ದವು. ಐದು ಮಕ್ಕಳ ತಲೆ ತುಸು ದೊಡ್ಡದಾಗಿತ್ತು ಎಂಬುದು ಒಂದು. ತಂದೆತಾಯಿಯರಲ್ಲಿ ಹೃದಯದ ಬಿಸುಪು ಕಡಿಮೆ ಕಂಡಿತು ಎಂಬುದು ಇನ್ನೊಂದು. ಈ ಮಕ್ಕಳ ಕೊರತೆ ಹುಟ್ಟಿನಿಂದಲೇ ಬಂದದ್ದು ಎಂದು ಕ್ಯಾನರ್ ತಾನೇ ಬರೆದಿದ್ದ. ಆದರೂ ಲೋಕ ಹಿಡಿದುಕೊಂಡದ್ದು ಎರಡನೆಯ ಗಮನಿಕೆಯನ್ನು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಒಂದಿಡೀ ಪುಸ್ತಕವನ್ನೇ ಅದರ ಮೇಲೆ ಕಟ್ಟಿದ, ಫ್ರಿಜ್ಜಿನಂಥ ತಾಯಂದಿರು ಎಂಬ ಮಾತು ಮನೆಮಾತಾಯಿತು. ಮಗನಿಗೆ ಆಟಿಸಂ ಇದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ 1964ರಲ್ಲೇ ಇದು ಮಿದುಳಿನ ವಿಷಯ ಎಂದು ವಾದಿಸಿದ್ದ. ತಲೆಯ ಅಳತೆಯ ಮಾತು ಮತ್ತೆ ಮುನ್ನೆಲೆಗೆ ಬರಲು ದಶಕಗಳೇ ಹಿಡಿದವು. ಟೇಪಿನಲ್ಲಿ ಅಳೆದದ್ದನ್ನು ಬಿಟ್ಟು, ಕಣ್ಣಳತೆಯಲ್ಲಿ ಹೆಣ್ಣನ್ನು ತೂಗಿದ್ದನ್ನು ನಂಬಿದರು.

ಆರನೆಯ ತಿಂಗಳ ಆ ನೀರು ಈ ಮೊಕದ್ದಮೆಯಲ್ಲಿ ತಾಯಿಯ ಪರ ಸಾಕ್ಷಿ. ಮಗು ಹೆಸರಿಗೆ ಓಗೊಡಬೇಕಾದ ವಯಸ್ಸು ಬರುವ ಮೊದಲೇ ಮಿದುಳಿನ ಸುತ್ತ ವ್ಯತ್ಯಾಸ ಇತ್ತು. ದಡಾರ-ರುಬೆಲ್ಲಾ ಲಸಿಕೆಯನ್ನು ನಾವು ಕೊಡುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ವೇಕ್‌ಫೀಲ್ಡ್ ಪ್ರಬಂಧವನ್ನು ಅದನ್ನು ಅಚ್ಚು ಹಾಕಿದ್ದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು ಎಂಬುದು ಒಂದು ಉತ್ತರ. ಲಸಿಕೆಗೆ ಮೂರು ತಿಂಗಳು ಮೊದಲೇ ಚಿತ್ರದಲ್ಲಿ ಗುರುತು ಬಿದ್ದಿತ್ತು ಎಂಬುದು ಅದಕ್ಕಿಂತ ಸರಳವಾದ ಉತ್ತರ. ಆರು ತಿಂಗಳೊಳಗೆ ತಾಯಿ ಏನೂ ಮಾಡಿರಲಾರಳೆ ಎಂದು ಹಟಮಾರಿಯೊಬ್ಬ ಕೇಳಬಹುದು. ಅವನಿಗೆ 2019ರಲ್ಲಿ ಐದು ದೇಶಗಳ 20 ಲಕ್ಷ ಮಕ್ಕಳ ದಾಖಲೆಗಳಿಂದ ಹೊರಟ ಲೆಕ್ಕ ಇದೆ: ಆಟಿಸಂ ಯಾರಿಗೆ ಬರುತ್ತದೆ ಎಂಬ ವ್ಯತ್ಯಾಸದ ಸುಮಾರು 80% ಪಾಲು ವಂಶವಾಹಿಗಳದ್ದು. ತಾಯಿಯಿಂದ ಬರುವ ನೇರ ಪ್ರಭಾವದ ಪಾಲು ಇದ್ದೂ ಇಲ್ಲದಂತೆ. ಮೊಬೈಲ್ ಹಿಡಿಸಿ ಕೂರಿಸುವುದು ಮಗುವಿಗೆ ಒಳ್ಳೆಯದಲ್ಲ, ಆ ಮಾತು ಬೇರೆ. ಅದನ್ನು ಆಟಿಸಂನ ಮೂಲ ಎನ್ನುವುದು ಸುಳ್ಳು.

ಸಾಕ್ಷಿ ಎಂದೆ. ಇದನ್ನೇ ಪರೀಕ್ಷೆ ಮಾಡಿಕೊಳ್ಳುವ ದುರಾಸೆ ಬರುವುದು ಸಹಜ. ಊರೂರಿಗೆ ಸ್ಕ್ಯಾನಿಂಗ್ ಸೆಂಟರುಗಳಿರುವ ಕಾಲ, ಆರು ತಿಂಗಳಿಗೊಂದು ಎಂಆರ್‌ಐ ಮಾಡಿಸಿಬಿಟ್ಟರಾಯಿತಲ್ಲ? 2017ರ ಅಧ್ಯಯನ ತನ್ನ ಮಿತಿಯನ್ನು ತಾನೇ ಹೇಳಿದೆ. ದ್ರವದ ಅಳತೆಯೊಂದರಿಂದಲೇ ಆಟಿಸಂ ಇರುವವರಲ್ಲಿ 66% ಮಂದಿಯನ್ನು ಹಿಡಿಯಬಹುದು, ಇಲ್ಲದವರಲ್ಲಿ 68% ಮಂದಿಯನ್ನು ಸರಿಯಾಗಿ ಬಿಡಬಹುದು. ಕೇಳಲು ಚೆನ್ನಾಗಿದೆ. ಲೆಕ್ಕ ಮಾಡಿ ನೋಡಿ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರುವ 1,000 ಕೂಸುಗಳನ್ನು ತೆಗೆದುಕೊಂಡರೆ ಅವರಲ್ಲಿ ಸುಮಾರು 200 ಮಂದಿಗೆ ಆಟಿಸಂ ಇರುತ್ತದೆ. 132 ಸಿಗುತ್ತವೆ, 68 ತಪ್ಪಿಹೋಗುತ್ತವೆ, ಏನೂ ಇಲ್ಲದ 256 ಕೂಸುಗಳ ಮನೆಯಲ್ಲಿ ಗಾಬರಿ ಹುಟ್ಟುತ್ತದೆ. ಸಾಮಾನ್ಯ ಜನರಲ್ಲಿ ನೂರಕ್ಕೊಬ್ಬರು ಎಂದುಕೊಂಡು ಇದೇ ಜರಡಿ ಹಿಡಿದರೆ 1,000 ಕೂಸುಗಳಲ್ಲಿ ಏಳು ಸಿಕ್ಕಲು 317 ಮನೆಗಳ ನಿದ್ದೆ ಕೆಡಬೇಕು. ಮಿದುಳಿನ ಸುತ್ತ ದ್ರವ ತುಸು ಹೆಚ್ಚಿದ್ದೂ ಏನೂ ತೊಂದರೆಯಿಲ್ಲದೆ ಬೆಳೆಯುವ ಕೂಸುಗಳು ಬೇಕಾದಷ್ಟಿವೆ. ಆ ಅಧ್ಯಯನದಲ್ಲಿ ಕೂಸುಗಳನ್ನು ಸಹಜ ನಿದ್ದೆಯಲ್ಲಿ ಮಲಗಿಸಿ ಚಿತ್ರ ತೆಗೆದಿದ್ದರು, ಕಂಪ್ಯೂಟರಿನಲ್ಲಿ ಹನಿ ಹನಿ ಅಳೆದಿದ್ದರು. ಮದ್ದು ಕೊಟ್ಟು ಮಲಗಿಸಿ, ಕಣ್ಣಂದಾಜಿನಲ್ಲಿ ಬರೆದ ವರದಿಯ ಒಂದು ಸಾಲು ಅದಕ್ಕೆ ಸಾಟಿಯಾಗದು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮಗುವಿನ ಬೆನ್ನಿನ ನೀರಿಗೇ ಕಾಂಡಕೋಶಗಳನ್ನು ಚುಚ್ಚಿ ಆಟಿಸಂ ವಾಸಿ ಮಾಡುತ್ತೇವೆ ಎನ್ನುವ ಕ್ಲಿನಿಕ್ಕುಗಳು ದೇಶದ ದೊಡ್ಡ ನಗರಗಳಲ್ಲಿ ಹುಟ್ಟಿಕೊಂಡವು. ಲಕ್ಷಗಟ್ಟಲೆ ಖರ್ಚು. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಆಟಿಸಂಗೆ ಕಾಂಡಕೋಶ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ಅದನ್ನು ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಎಂದು ಹೇಳಿದೆ. ಆದರೂ ವಾಟ್ಸಾಪಿನಲ್ಲಿ ಬರುವ ವಿಡಿಯೋಗೆ ಆ ಆದೇಶ ಗೊತ್ತಿರುವುದಿಲ್ಲ. ರೋಗ ತಿಳಿಯಲು ಅರ್ಧ ಚಮಚ ಬೆನ್ನಿನ ನೀರು ತೆಗೆಸಲು ಹೆದರುವ ಅದೇ ಮನೆಯವರು, ವಾಸಿಯಾಗುತ್ತದೆ ಎಂಬ ಆಸೆಯಲ್ಲಿ ಅದೇ ಜಾಗಕ್ಕೆ ಸಾಲ ಮಾಡಿ ಸೂಜಿ ಹಾಕಿಸುತ್ತಾರೆ. ಅವರನ್ನು ಜರೆಯುವ ಮನಸ್ಸು ನನಗಿಲ್ಲ. ‘ಮಿದುಳಿನ ನೀರಿನಲ್ಲಿ ದೋಷವಿದೆ’ ಎಂಬ ಅರ್ಧ ಸತ್ಯವನ್ನು ಮಾರುವವರಿಗೆ ಇಂಥ ಲೇಖನಗಳೂ ಸರಕಾಗಬಹುದು ಎಂಬ ಅಳುಕು ಮಾತ್ರ ಇದೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ: ಆ ನೀರನ್ನು ಬಸಿದೋ ಬದಲಿಸಿಯೋ ಆಟಿಸಂ ಹೋಗಿಸುವ ಯಾವ ಚಿಕಿತ್ಸೆಯೂ ಇಂದು ಇಲ್ಲ.

ಪರೀಕ್ಷೆಯೂ ಅಲ್ಲ, ಮದ್ದೂ ಅಲ್ಲ ಎಂದ ಮೇಲೆ ಈ ವಿಜ್ಞಾನ ಅಮೆರಿಕದವರಿಗೇ ಇರಲಿ, ಸಂಡೂರಿನ ತಾಂಡಾದ ತಾಯಿಗೆ ಇದರಿಂದೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ನನ್ನ ಉತ್ತರ ಬಳ್ಳಾರಿ ಜಿಲ್ಲೆಯ ಒಂದು ಮರೆತ ಅಧ್ಯಾಯದಲ್ಲಿದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು ಸಾಹಸಕ್ಕೆ ಕೈಹಾಕಿತು. ಸುಮಾರು 15 ಲಕ್ಷ ಜನರ ಇಡೀ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗವನ್ನು ಗುರುತಿಸಿ ಔಷಧ ಕೊಡುವ ತರಬೇತಿ ನೀಡಿತು. ಹೊಸಪೇಟೆ, ಸಂಡೂರು ಅದರೊಳಗೇ ಇದ್ದವು. ಕಂಪ್ಲಿ ಆಗ ಹೊಸಪೇಟೆ ತಾಲ್ಲೂಕಿಗೇ ಸೇರಿತ್ತು. ಮನೋವೈದ್ಯರಿಲ್ಲದ ಊರಿನಲ್ಲೂ ಈ ಕೆಲಸ ನಡೆಯುತ್ತದೆ ಎಂದು ಸಾಬೀತಾಯಿತು. 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಅದಕ್ಕೆ ಅಚ್ಚು ಇದೇ ‘ಬಳ್ಳಾರಿ ಮಾದರಿ’. ಹಂಪಿಯನ್ನು ತೋರಿಸಿ ಹೆಮ್ಮೆಪಡುವ ನಾವು ಇದನ್ನು ಮಕ್ಕಳ ಪಾಠದಲ್ಲೂ ಹೇಳುವುದಿಲ್ಲ.

ಮಕ್ಕಳ ಬೆಳವಣಿಗೆಯ ವಿಷಯದಲ್ಲಿ ಆ ಮಾದರಿ ಮತ್ತೆ ಬೇಕು ಎಂಬುದೇ ನನ್ನ ವಾದ. ತಜ್ಞರಲ್ಲದ ಕಾರ್ಯಕರ್ತರು ತಂದೆತಾಯಿಯರಿಗೆ ಮಗುವಿನ ಜೊತೆ ಒಡನಾಡುವ ರೀತಿ ಕಲಿಸಿದರೆ ಫಲ ಕಾಣುತ್ತದೆ ಎಂದು 2016ರಲ್ಲಿ ಪಕ್ಕದ ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ 65 ಮಕ್ಕಳ ಮೇಲೆ ನಡೆದ ಪರೀಕ್ಷೆ ತೋರಿಸಿದೆ. ಕಾನೂನಿನ ಕೊರತೆಯೂ ಇಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ ಬರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಆದರೂ ಗುರುತಿಸುವ ಕೆಲಸ ಮಗು ಮಾತಾಡದ ಮೇಲೆ, ಶಾಲೆಗೆ ಸೇರಿಸಿಕೊಳ್ಳದ ಮೇಲೆ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದ ಮೇಲೆ ಆಗುತ್ತಿದೆ.

ಮಿದುಳಿನ ಮಟ್ಟಿಗೆ ಮೊದಲ ವರ್ಷವೇ ಮುಖ್ಯ ಎಂದು ಆ ನೀರು ಹೇಳುತ್ತಿರುವಾಗ, ಮೊದಲ ವರ್ಷದಲ್ಲಿ ಮಗುವನ್ನು ಸರಕಾರಿ ಕಣ್ಣುಗಳು ನೋಡುವುದು ಯಾವಾಗ? ಲಸಿಕೆಯ ದಿನ. ಒಂಬತ್ತು ತಿಂಗಳ ಲಸಿಕೆಗೆ ಬಂದಾಗ ಒಂದು ದರ್ಜಿ ಟೇಪಿನಿಂದ ತಲೆಯ ಸುತ್ತಳತೆ ತೆಗೆದು ಬರೆದಿಡಬಹುದು. ಅದು ಆಟಿಸಂ ಹಿಡಿಯಲು ಅಲ್ಲ, ತಲೆಯಲ್ಲಿ ನೀರು ತುಂಬುತ್ತಿದ್ದರೆ ತಿಳಿಯಲು. ಅದಕ್ಕೆ ಶಸ್ತ್ರಚಿಕಿತ್ಸೆ ಇದೆ, ತಡವಾದರೆ ದೃಷ್ಟಿ ಹೋಗುತ್ತದೆ, ಬುದ್ಧಿ ಹೋಗುತ್ತದೆ. ಹದಿನಾರು ತಿಂಗಳ ಮೇಲಿನ ಲಸಿಕೆಗೆ ಬಂದಾಗ ತಾಯಿಗೆ ಮೂರು ಪ್ರಶ್ನೆ: ಹೆಸರು ಕರೆದರೆ ತಿರುಗುತ್ತದೆಯೆ? ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆಯೆ? ಬಂದ ಮಾತು ನಿಂತುಹೋಗಿದೆಯೆ? ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಚಿತ್ರಗಳು ಹೇಗೂ ಅಚ್ಚಾಗಿವೆ. ನಾನು ನೋಡಿದ ಕಾರ್ಡುಗಳಲ್ಲಿ ತೂಕದ ಪುಟದಲ್ಲಿ ಪೆನ್ನಿನ ಗುರುತುಗಳಿದ್ದವು, ಆ ಚಿತ್ರಗಳ ಪುಟ ಹೊಸದರಂತೆ ಇತ್ತು.

ಪ್ರಶ್ನೆ ಕೇಳುವುದು ಸುಲಭ, ಉತ್ತರ ಆತಂಕ ಹುಟ್ಟಿಸಿದಾಗ ಆ ಮಗುವನ್ನು ಎಲ್ಲಿಗೆ ಕಳಿಸುವುದು ಎಂಬುದೇ ಕಷ್ಟ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಕಡೆ, ಸಂಡೂರು, ಕಂಪ್ಲಿ ಬಳ್ಳಾರಿಯ ಕಡೆ ಉಳಿದವು. ಕಂಪ್ಲಿಯ ತಾಯಿಗೆ ಬಸ್ಸಿನಲ್ಲಿ ಹತ್ತಿರವಾಗುವುದು ಹೊಸಪೇಟೆ, ಕಾಗದಪತ್ರಕ್ಕೆ ಹೋಗಬೇಕಾದದ್ದು ಬಳ್ಳಾರಿ. ಮಾತು ಕಲಿಸುವವರ ಹತ್ತಿರ ವಾರಕ್ಕೆರಡು ಸಲ ಹೋಗಬೇಕಾದ ಮಗುವಿನ ಮನೆಯಲ್ಲಿ ಈ ಇಪ್ಪತ್ತು ಕಿಲೋಮೀಟರಿನ ಹೆಚ್ಚುಕಡಿಮೆಯೇ ತಿಂಗಳ ಕೂಲಿಯನ್ನು ನುಂಗುತ್ತದೆ. 1985ರಲ್ಲಿ ಅದೆಲ್ಲ ಒಂದೇ ಜಿಲ್ಲೆಯಾಗಿತ್ತು, ತರಬೇತಿ ಪಡೆದವರು ಊರಿನ ಆರೋಗ್ಯ ಕೇಂದ್ರದಲ್ಲೇ ಸಿಗುತ್ತಿದ್ದರು.